ಯುದ್ಧದೂರಿನ ಬೀದಿನಾಯಿಗಳಿಗಾಗಿ ಕೋಲಾರದಲ್ಲೊಂದು ಹಾಡಿನ ಸಂಜೆ: ಮಾಡುವ ಬಗೆ

ಯುದ್ಧದೂರಿನ ಬೀದಿನಾಯಿಗಳಿಗೆ ಹಣ ಕೂಡಿಸಲೆಂದು ಹಾಡಿನ ಸಂಜೆ ಮಾಡಿದ ಮೊದಲನೇ ಸಲ ನಾವು ಬಾಗಿಲಲ್ಲಿ ಹುಂಡಿ ಇಟ್ಟಿದ್ದೆವು. ಸ್ಟೀಲಿನ ಹಾಲಿನ ಕ್ಯಾನಿಗೆ ಬಟ್ಟೆ ಸುತ್ತಿ, ಮುಚ್ಚಳದಲ್ಲಿ ಸೀಳು ಕೊರೆಸಿ ಮಾಡಿದ್ದು. ಹಾಡು ಮುಗಿಯುವ ಹೊತ್ತಿಗೆ ಅದರಲ್ಲಿ 38,460 ರೂಪಾಯಿ ಬಿದ್ದಿತ್ತು. ಮಾರನೇ ದಿನ ಬ್ಯಾಂಕಿಗೆ ಹೋಗಿ ಅದನ್ನು ನನ್ನ ಖಾತೆಗೆ ಕಟ್ಟಿ, ಯುಕ್ರೇನಿನ ಪ್ರಾಣಿರಕ್ಷಣೆಯ ಸಂಸ್ಥೆಗೆ ಕಳಿಸಿಕೊಡಿ ಎಂದು ಕೇಳಿದೆ. ಅಲ್ಲಿದ್ದ ಅಧಿಕಾರಿ ಫಾರಂ ಮುಂದಿಟ್ಟು ಒಂದು ಸಾಲಿನ ಮೇಲೆ ಬೆರಳಿಟ್ಟರು. "ಓದಿ ಸಹಿ ಮಾಡಮ್ಮಾ." ಕಳಿಸುತ್ತಿರುವ ಹಣ ನನ್ನದೇ ಎಂದು ನಾನು ಒಪ್ಪಿ ಬರೆದುಕೊಡುವ ಸಾಲು ಅದು. ಹಣ ನನ್ನದಲ್ಲ. ಪೆನ್ನು ವಾಪಸ್ ಕೊಟ್ಟು ಎದ್ದು ಬಂದೆ.

ಯಾರು ಎಷ್ಟು ಹಾಕಿದರೆಂದು ನಮ್ಮ ಹುಡುಗಿಯೊಬ್ಬಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು, ಅದರಿಂದ ಮಾನ ಉಳಿಯಿತು. ಒಬ್ಬೊಬ್ಬರಿಗೂ ಫೋನ್ ಮಾಡಿ ವಿಷಯ ಹೇಳಿದೆ. ಕೆಲವರು ವಾಪಸ್ ತಗೊಂಡರು, ಹೆಚ್ಚಿನವರು "ನಮ್ಮೂರ ನಾಯಿಗಳಿಗೇ ಖರ್ಚು ಮಾಡಿ ಮೇಡಂ" ಅಂದರು. ಆಮೇಲೆ ಇನ್ನೆರಡು ಸಲ ಕಾರ್ಯಕ್ರಮ ಮಾಡಿದ್ದೇವೆ. ನೀವೂ ಮಾಡುವುದಾದರೆ ನನ್ನಿಂದ ಒಂದೇ ಮಾತು ನೆನಪಿಡಿ. ಹೊರದೇಶಕ್ಕೆ ಹೋಗಬೇಕಾದ ಹಣ ನಿಮ್ಮ ಡಬ್ಬಿಗೆ, ನಿಮ್ಮ ಖಾತೆಗೆ, ನಿಮ್ಮ ಫೋನ್‌ಪೇಗೆ ಬೀಳಲೇಬಾರದು. ಹಾಡು ಕೇಳಲು ಬಂದವರು ಅಲ್ಲೇ ಕೂತು, ತಮ್ಮ ಫೋನಿನಲ್ಲಿ ತಮ್ಮ ಕಾರ್ಡಿನಿಂದಲೇ, ನೇರ ಆ ಸಂಸ್ಥೆಗೆ ಕೊಡಬೇಕು. ಹಾಲ್ ಯಾವುದು, ಹಾಡು ಎಷ್ಟು ಹೊತ್ತು, ಮೇಜು ಎಲ್ಲಿ ಎನ್ನುವುದೆಲ್ಲ ಇದರಿಂದ ನಿರ್ಧಾರವಾಗುತ್ತದೆ.

ಕಾನೂನಿನ ಮಾತು ಇಷ್ಟು. ರಿಸರ್ವ್ ಬ್ಯಾಂಕಿನ ಯೋಜನೆಯಡಿ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು, ದಾನವೂ ಅದರಲ್ಲಿ ಸೇರಿದೆ. ಆದರೆ ಆ ಅವಕಾಶ ಇರುವುದು ವ್ಯಕ್ತಿಗಳಿಗೆ, ಅವರ ಸ್ವಂತ ಹಣಕ್ಕೆ. ಸಂಘಕ್ಕಾಗಲಿ ಟ್ರಸ್ಟಿಗಾಗಲಿ ಅದು ಇಲ್ಲ. ಹೊರದೇಶದ ಸಂಸ್ಥೆಗೆ ಕೊಟ್ಟದ್ದಕ್ಕೆ ದಾನಕ್ಕಿರುವ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಇದನ್ನು ಕರೆಯೋಲೆಯಲ್ಲೇ ಬರೆದುಬಿಡಿ. ಕೊಟ್ಟ ಮೇಲೆ ಗೊತ್ತಾದರೆ ಜನರಿಗೆ ಬೇಸರವಾಗುತ್ತದೆ.

ಕೋಲಾರಕ್ಕೂ ಯುಕ್ರೇನಿಗೂ ಏನು ಸಂಬಂಧ ಎಂದು ಕೇಳುತ್ತಾರೆ. ನಮ್ಮ ಅಕ್ಕನ ಮಗಳು ಖಾರ್ಕಿವ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಳು. ಅವರ ಹಾಸ್ಟೆಲ್ ಗೇಟಿನಲ್ಲಿ ಒಂದು ಬೀದಿನಾಯಿ. ಬಣ್ಣ ನೋಡಿ ಇವಳು ಇಟ್ಟ ಹೆಸರು ರಾಗಿ. ತೆಲುಗು ಹುಡುಗರು, ಮಲಯಾಳಿ ಹುಡುಗರು, ಎಲ್ಲರೂ ಅದನ್ನು ರಾಗಿ ಎಂದೇ ಕರೆಯುತ್ತಿದ್ದರಂತೆ. 2022ರ ಫೆಬ್ರವರಿ 24ರಂದು ಬಾಂಬ್ ಬೀಳಲು ಶುರುವಾದಾಗ ಅದೂ ಇವರ ಹಿಂದೆಯೇ ನೆಲಮಾಳಿಗೆಗೆ ಇಳಿಯಿತು. ಐದು ದಿನ ಬ್ರೆಡ್ಡಿನಲ್ಲಿ ಪಾಲು ಕೊಟ್ಟರು. ಹಾವೇರಿ ಜಿಲ್ಲೆಯ ಹುಡುಗ ನವೀನ್ ಅದೇ ಊರಿನಲ್ಲಿ ದಾಳಿಗೆ ಸಿಕ್ಕಿ ತೀರಿಕೊಂಡ ಮಾರ್ಚ್ 1ರಂದು ಇವರು ರೈಲ್ವೆ ಸ್ಟೇಷನ್ನಿಗೆ ನಡೆದುಹೋದರು. ರಾಗಿ ಸ್ಟೇಷನ್ ಮೆಟ್ಟಿಲ ತನಕ ಬಂತು. ವಿದ್ಯಾರ್ಥಿಗಳು ಸಾಕುಪ್ರಾಣಿ ತರಲು ನಮ್ಮ ಸರ್ಕಾರ ಆಗ ಒಂದು ಸಲದ ವಿನಾಯಿತಿ ಕೊಟ್ಟಿತು, ಕೆಲವರು ತಂದರು. ಆದರೆ ರಾಗಿ ಯಾರ ಸಾಕುನಾಯಿಯೂ ಅಲ್ಲ. ಅಂದು ರೈಲಿನ ಬಾಗಿಲಲ್ಲಿ ಮನುಷ್ಯರು ಹತ್ತುವುದೇ ಕಷ್ಟವಿತ್ತು. "ಚಿಕ್ಕಮ್ಮಾ, ಅದು ಕೂತೇ ಇತ್ತು" ಎಂದು ಇವಳು ಮನೆಗೆ ಬಂದ ರಾತ್ರಿ ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ.

ಇನ್ನು ಸಂಸ್ಥೆಯ ಆಯ್ಕೆ. ಒಂದೇ ಒಂದನ್ನು ಆರಿಸಿ. ಎರಡು ಮೂರು ಹೆಸರು ಹೇಳಿದರೆ ಜನ ಯೋಚನೆಯಲ್ಲಿ ಬಿದ್ದು ಮೇಜಿನಿಂದ ಏಳುತ್ತಾರೆ. ಲೆಕ್ಕಪತ್ರವನ್ನು ವರ್ಷವರ್ಷವೂ ಪ್ರಕಟಿಸುವವರು, ಆ ಊರಿನವರನ್ನೇ ಇಟ್ಟುಕೊಂಡು ಕೆಲಸ ಮಾಡುವವರು, ಸ್ವಂತ ಪಶುವೈದ್ಯರಿರುವವರು ಆಗಿರಬೇಕು. ವಿಯೆನ್ನಾದಲ್ಲಿ ಕೇಂದ್ರ ಕಚೇರಿ ಇರುವ ಫೋರ್ ಪಾಸ್ ದೊಡ್ಡದು. 2017ರಲ್ಲಿ ಇರಾಕಿನ ಮೋಸುಲ್ ಮೃಗಾಲಯದಲ್ಲಿ ಬದುಕುಳಿದಿದ್ದ ಲೂಲಾ ಎಂಬ ಕರಡಿಯನ್ನೂ ಸಿಂಬಾ ಎಂಬ ಸಿಂಹವನ್ನೂ ಹೊರತಂದವರು ಇವರೇ. ಅಫ್ಘಾನಿಸ್ತಾನದ ಬೀದಿನಾಯಿಗಳಿಗೆಂದು 2007ರಲ್ಲಿ ಹುಟ್ಟಿದ್ದು ನೌಝಾದ್. ಗಾಜಾದಲ್ಲಿ 2006ರಿಂದ ಇರುವುದು ಸುಲಾಲಾ. ಯುಕ್ರೇನಿನವರದೇ ಆದದ್ದು ಯುಎನಿಮಲ್ಸ್. ನನ್ನ ಮನಸ್ಸು ಅಲ್ಲೇ ಹುಟ್ಟಿ ಅಲ್ಲೇ ಉಳಿದವರ ಕಡೆಗೆ. ಸಿರಿಯಾದ ಅಲೆಪ್ಪೊದಲ್ಲಿ ಮೊಹಮ್ಮದ್ ಅಲಾ ಅಲ್‌ಜಲೀಲ್ ಎಂಬ ಆಂಬ್ಯುಲೆನ್ಸ್ ಡ್ರೈವರ್, ಊರು ಬಿಟ್ಟವರ ಬೆಕ್ಕುಗಳಿಗೆ ದಿನಾ ಊಟ ಹಾಕುತ್ತಾ ಯುದ್ಧದ ನಡುವೆ ವರ್ಷಗಟ್ಟಲೆ ಅಲ್ಲೇ ಇದ್ದವರು. ಗಾಯವಾದ ಬೆಕ್ಕು ಯಾವ ಗೋಡೆಯ ಹಿಂದೆ ಅಡಗಿದೆ ಎನ್ನುವುದು ಅಂಥವರಿಗೆ ಗೊತ್ತಿರುತ್ತದೆ.

ಕೊಡುವವರಿಗೆ ಹಣ ಯಾತಕ್ಕೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕು. ನಾಯಿಯನ್ನು ಹಿಡಿದು ಗಾಡಿಗೆ ಹಾಕಿದರೆ ಮುಗಿಯಲಿಲ್ಲ. ರೇಬಿಸ್ ಹೆಚ್ಚಿರುವ ದೇಶಗಳಿಂದ ಐರೋಪ್ಯ ಒಕ್ಕೂಟದೊಳಕ್ಕೆ ಒಂದು ನಾಯಿ ಹೋಗಬೇಕಾದರೆ ಮೊದಲು ಮೈಯೊಳಗೆ ಮೈಕ್ರೋಚಿಪ್, ಆಮೇಲೆ ರೇಬಿಸ್ ಲಸಿಕೆ, ಕನಿಷ್ಠ 30 ದಿನ ಬಿಟ್ಟು ರಕ್ತಪರೀಕ್ಷೆ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಅಂದರೆ ಒಂದು ಜೀವಕ್ಕೆ ನಾಲ್ಕು ತಿಂಗಳ ಊಟ, ಗೂಡು, ಔಷಧಿ. ಕಂಬಳಿ, ಬಿಸ್ಕತ್ತು ಪಾರ್ಸೆಲ್ ಮಾಡೋಣ ಎನ್ನುವವರಿಗೆ ಈ ಲೆಕ್ಕ ತೋರಿಸಿ.

ದಿನ ಗೊತ್ತು ಮಾಡಲು ನನ್ನ ಸಲಹೆ ಆಷಾಢ. ಮದುವೆಗಳಿಲ್ಲ, ಹಾಲ್ ಖಾಲಿ, ಬಾಡಿಗೆ ಚೌಕಾಸಿಗೆ ಬರುತ್ತದೆ. ಗುರುಪೂರ್ಣಿಮೆಯ ಆಜುಬಾಜು ಮಾತ್ರ ಬೇಡ, ಕೈವಾರದಲ್ಲಿ ಮೂರು ದಿನ ಅಹೋರಾತ್ರಿ ಸಂಗೀತ ನಡೆಯುತ್ತದೆ, ಈ ಸೀಮೆಯ ಹಾಡುಗಾರರೆಲ್ಲ ಅಲ್ಲಿರುತ್ತಾರೆ. ಹುಣ್ಣಿಮೆ ರಾತ್ರಿಯನ್ನು ಯಾವ ತಿಂಗಳಲ್ಲೂ ಆರಿಸಬೇಡಿ. ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ಇರುತ್ತದೆ, ನಮ್ಮ ಕೇಳುಗರೂ ಅವರೇ. ಟೊಮೆಟೊ ಮಂಡಿಯವರು ಬರಬೇಕೆಂದರೆ ಸಂಜೆ ಐದೂವರೆಗೆ ಶುರು ಮಾಡಿ ಎಂಟಕ್ಕೆ ಮುಗಿಸಿ, ಅವರು ಬೆಳಗ್ಗೆ ಬೇಗ ಏಳಬೇಕು.

ಟಿ. ಚೆನ್ನಯ್ಯ ರಂಗಮಂದಿರ ನಮಗೆ ದೊಡ್ಡದಾಯಿತು. ನೂರು ಜನ ಅಲ್ಲಿ ಚದುರಿ ಕೂತರೆ ಹಾಡುವವರಿಗೂ ಉತ್ಸಾಹ ಇರುವುದಿಲ್ಲ. ನಾವು ಹಿಡಿದದ್ದು ಒಂದು ಸಮುದಾಯ ಭವನದ ಮೇಲಂತಸ್ತು, 4,000 ರೂಪಾಯಿಗೆ. ಹಾಲ್ ನೋಡಲು ಹೋದಾಗ ಫ್ಯಾನು, ಕುರ್ಚಿ ಆಮೇಲೆ ಎಣಿಸಿ. ಮೊದಲು ಜಿಯೋ, ಏರ್‌ಟೆಲ್, ಬಿಎಸ್‌ಎನ್‌ಎಲ್ ಮೂರೂ ಸಿಮ್ ಒಯ್ದು ಒಂದೊಂದು ಮೂಲೆಯಲ್ಲೂ ಸಿಗ್ನಲ್ ನೋಡಿ. ಒಟಿಪಿ ಬರದ ಹಾಲ್‌ನಲ್ಲಿ ಈ ಕಾರ್ಯಕ್ರಮ ನಡೆಯುವುದಿಲ್ಲ. ಮೈಕಿಗೆ ಪೊಲೀಸ್ ಠಾಣೆಯಲ್ಲಿ ಒಂದು ವಾರ ಮುಂಚೆ ಅರ್ಜಿ ಕೊಡಿ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನಿಶ್ಶಬ್ದ ವಲಯವೆಂದು ಸರ್ಕಾರ ಘೋಷಿಸಿರಬಹುದು, ಅದನ್ನೂ ಠಾಣೆಯಲ್ಲೇ ಕೇಳಿಕೊಳ್ಳಿ.

ಖರ್ಚಿಗೆ ಮೂವರು ಗೊತ್ತಿರುವವರನ್ನು ಹಿಡಿಯಿರಿ. ಹಾಲಿಗೆ ಒಬ್ಬರು, ಮೈಕ್ ಸೆಟ್ಟಿಗೆ ಒಬ್ಬರು, ಕಲಾವಿದರ ಸಂಭಾವನೆಗೆ ಒಬ್ಬರು. ಅವರೇ ನೇರ ಕೊಟ್ಟು ರಸೀದಿ ತಗೊಳ್ಳಲಿ. ಕಲಾವಿದರನ್ನು ಪುಣ್ಯದ ಕೆಲಸ ಎಂದು ಪುಕ್ಕಟೆ ಹಾಡಿಸಬೇಡಿ. ತಬಲಾದವರು ಬಂಗಾರಪೇಟೆಯಿಂದ ಬಸ್ಸಿಗೆ ಬರುತ್ತಾರೆ, ಅವರ ಮನೆಯಲ್ಲೂ ಒಲೆ ಉರಿಯಬೇಕು.

ಹಾಡು ಹಳೆಯದಿರಲಿ. ಈ ಭಾಗದ ತೆಲುಗು ಕನ್ನಡ ತತ್ವಪದ, ವಚನ, ದಾಸರ ಪದ. ಬರೆದವರು ತೀರಿಕೊಂಡು 60 ವರ್ಷ ದಾಟಿದ ಸಾಹಿತ್ಯಕ್ಕೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಸಿನಿಮಾ ಹಾಡಿಗೆ ಪರವಾನಗಿ ಬೇಕು, ನಾವು ಆ ಗೋಜಿಗೇ ಹೋಗಲಿಲ್ಲ. ಹಾರ್ಮೋನಿಯಂ, ತಬಲಾ, ತಂಬೂರಿ, ತಾಳ ಸಾಕು. ತಮಟೆ ನಮ್ಮ ಸೀಮೆಯ ಹೆಮ್ಮೆ, ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗೇ. ಆದರೂ ತಗ್ಗು ಚಾವಣಿಯ ಹಾಲಿನಲ್ಲಿ ಅದನ್ನು ಬಾರಿಸಿದರೆ ಹೊರಗಿನ ಬೀದಿಯ ನಾಯಿಗಳು ದಿಕ್ಕಾಪಾಲಾಗುತ್ತವೆ. ಪಟಾಕಿ ಅಂತೂ ಬೇಡವೇ ಬೇಡ.

ನಾಲ್ಕು ಹಾಡಾದ ಮೇಲೆ ಅರ್ಧ ಗಂಟೆ ಬಿಡುವು ಕೊಡಿ. ಕೊಡುವ ಕೆಲಸ ಆಗುವುದು ಆಗಲೇ. ಕೊನೆಯಲ್ಲಿ ಇಟ್ಟುಕೊಂಡರೆ ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಬಿಡುವಿಗೆ ಮುಂಚೆ ಐದು ನಿಮಿಷ ಒಬ್ಬರೇ ಮಾತಾಡಲಿ, ಅಲ್ಲಿದ್ದು ಬಂದವರು ಸಿಕ್ಕರೆ ಅವರೇ. ರಕ್ತದ ಫೋಟೋ ತೋರಿಸಬೇಡಿ, ಮಕ್ಕಳಿರುತ್ತಾರೆ. ನಮ್ಮಲ್ಲಿ ಅಕ್ಕನ ಮಗಳು ರಾಗಿಯ ವಿಷಯ ಹೇಳಿದಳು. ಜೊತೆಗೆ ಕೀವ್ ಹತ್ತಿರದ ಬೊರೊಡಿಯಾಂಕದ ನಾಯಿಗಳ ಆಶ್ರಯತಾಣದ ಕಥೆ. 2022ರ ವಸಂತದಲ್ಲಿ ಅಲ್ಲಿ ಬೀಗ ಹಾಕಿದ ಗೂಡುಗಳಲ್ಲಿ ವಾರಗಟ್ಟಲೆ ಅನ್ನ ನೀರಿಲ್ಲದೆ ಇನ್ನೂರಕ್ಕೂ ಹೆಚ್ಚು ನಾಯಿಗಳು ಸತ್ತವು. ಅಷ್ಟು ಹೇಳಿ ಸುಮ್ಮನಾದಳು.

"ಮನುಷ್ಯರೇ ಸಾಯುತ್ತಿರುವಾಗ ನಾಯಿಗಳಿಗೇಕೆ?" ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಕೋಪ ಮಾಡಿಕೊಳ್ಳಬೇಡಿ, ನ್ಯಾಯವಾದ ಪ್ರಶ್ನೆ. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕೈಗೆ ಬಿದ್ದ ಕಾಬೂಲಿನಿಂದ ನೌಝಾದ್‌ನ ನಾಯಿ ಬೆಕ್ಕುಗಳ ವಿಮಾನ ಹಾರಿದಾಗ ಇದೇ ಪ್ರಶ್ನೆಯ ಮೇಲೆ ಬ್ರಿಟನ್ನಿನಲ್ಲಿ ದೊಡ್ಡ ಜಗಳವೇ ಆಯಿತು. ನಾನು ಹೇಳುವುದಿಷ್ಟು: ಜನ ಊರು ಬಿಟ್ಟಾಗ ಸಾಕಿದ ನಾಯಿಗಳೂ ಬೀದಿಗೆ ಬರುತ್ತವೆ, ಲಸಿಕೆ ನಿಲ್ಲುತ್ತದೆ, ಹಸಿದ ಹಿಂಡಿನಲ್ಲಿ ರೇಬಿಸ್ ಹೊಕ್ಕರೆ ಕಚ್ಚಿಸಿಕೊಳ್ಳುವುದು ಅಲ್ಲೇ ಉಳಿದ ಮುದುಕರು, ಮಕ್ಕಳು. ನಾಯಿಗೆ ಹಾಕುವ ಲಸಿಕೆ ಅವರನ್ನೂ ಕಾಯುತ್ತದೆ. ಒಪ್ಪದವರು ಹಾಡು ಕೇಳಿ ಹೋಗಲಿ.

ಈಗ ಮೇಜು. ನಾಲ್ಕು ಮೇಜು, ಒಂದೊಂದಕ್ಕೂ ಒಬ್ಬ ಕಾಲೇಜು ಹುಡುಗ ಅಥವಾ ಹುಡುಗಿ. ಸಂಸ್ಥೆಯ ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ತೆಗೆದ ಪುಟದಿಂದ ಕ್ಯೂಆರ್ ಮಾಡಿಸಿ ಅಂಟಿಸಿ. ವಾಟ್ಸಾಪಿನಲ್ಲಿ ಬಂದ ಲಿಂಕ್ ನಂಬಬೇಡಿ, ಯುದ್ಧದ ಹೆಸರಲ್ಲಿ ಮೋಸ ಮಾಡುವವರಿದ್ದಾರೆ. ಆ ಸಂಸ್ಥೆಗೆ ಕೊಡಲು ಯುಪಿಐ ನಡೆಯುವುದಿಲ್ಲ, ಕಾರ್ಡು ಬೇಕು. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿದ್ದರೆ ಸಲೀಸು. 2020ರಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಬರುತ್ತವೆ. ಹಾಗಾಗಿ ಬ್ಯಾಂಕಿನ ಆ್ಯಪಿನಲ್ಲಿ ಹೊರದೇಶದ ವ್ಯವಹಾರವನ್ನು ಆನ್ ಮಾಡಿ, ಮಿತಿಯನ್ನು ಕೊಡುವ ಮೊತ್ತಕ್ಕಿಂತ ಸ್ವಲ್ಪವೇ ಹೆಚ್ಚಿಡಬೇಕು. ಕೊಟ್ಟಾದ ತಕ್ಷಣ ಆಫ್ ಮಾಡಬೇಕು, ಏಕೆಂದರೆ ಹೊರದೇಶದ ಎಷ್ಟೋ ತಾಣಗಳು ಒಟಿಪಿ ಕೇಳದೆಯೇ ಹಣ ಎಳೆದುಕೊಳ್ಳುತ್ತವೆ. "ಪ್ರತಿ ತಿಂಗಳು" ಎಂಬ ಗುರುತು ಮೊದಲೇ ಬಿದ್ದಿದ್ದರೆ ತೆಗೆಸಿ. ವಿನಿಮಯದ ಶುಲ್ಕ ಬ್ಯಾಂಕು ಬೇರೆ ಹಿಡಿಯುತ್ತದೆ ಎಂದು ಹೇಳಿ. ಮೇಜಿನಲ್ಲಿ ಕೂತ ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿದ್ದು ಒಂದು: ಯಾರ ಕಾರ್ಡನ್ನೂ ಕೈಯಲ್ಲಿ ಹಿಡಿಯಬೇಡಿ, ಯಾರ ನಂಬರನ್ನೂ ನೀವು ಒತ್ತಬೇಡಿ. ಕನ್ನಡಕ ತಂದಿಲ್ಲ ಎನ್ನುವ ಅಜ್ಜನಿಗೆ ಅವರ ಮನೆಯವರೇ ಒತ್ತಿಕೊಡಲಿ.

ನೋಟು ಮಡಚಿ ಕೈಗಿಡುವವರು ಇದ್ದೇ ಇರುತ್ತಾರೆ. ಹೂ ಮಾರುವ ಅಮ್ಮ ಒಬ್ಬರು ಇನ್ನೂರು ರೂಪಾಯಿ ತಂದರು, ಬೇಡ ಎನ್ನಲು ಬಾಯಿ ಬರುವುದಿಲ್ಲ. ಅದಕ್ಕೆ ಐದನೇ ಮೇಜಿನಲ್ಲಿ ಒಂದು ಡಬ್ಬಿ: "ಇದು ಕೋಲಾರದ ಬೀದಿನಾಯಿಗಳ ರೇಬಿಸ್ ಲಸಿಕೆಗೆ ಮಾತ್ರ" ಎಂದು ದಪ್ಪ ಅಕ್ಷರದಲ್ಲಿ ಬರೆದು, ಬಂದವರ ಮುಂದೆಯೇ ಎಣಿಸಿ, ನೋಟ್‌ಬುಕ್ಕಿಗೆ ಹತ್ತಿಸಿ. ಹಳೆಯ ಹಾಲಿನ ಕ್ಯಾನು ಈಗ ಅಲ್ಲಿದೆ.

ಕಳೆದ ಸಲ ಬಂದವರು 92, ಕಾರ್ಡಿನಿಂದ ಕೊಟ್ಟವರು 41. ಮೊತ್ತ ನಾನು ಕೇಳಲಿಲ್ಲ, ಇಮೇಲಿನಲ್ಲಿ ರಸೀದಿ ಬಂತೇ ಎಂದಷ್ಟೇ ಕೇಳಿ ಗುರುತು ಹಾಕಿಕೊಂಡೆ. ಮೂವರಿಗೆ ಬಂದಿರಲಿಲ್ಲ. ಅವರ ಜೊತೆ ಕೂತು ಸಂಸ್ಥೆಗೆ ಪತ್ರ ಬರೆದದ್ದಕ್ಕೆ ನಾಲ್ಕು ದಿನದಲ್ಲಿ ಉತ್ತರ ಬಂತು. ಒಂದು ತಿಂಗಳಾದ ಮೇಲೆ 41 ಜನರಿಗೂ ಇನ್ನೊಂದು ಸಂದೇಶ ಹಾಕಿ: "ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿ, ಎರಡನೇ ಸಲ ಹಣ ಹೋಗಿದ್ದರೆ ನನಗೆ ಫೋನ್ ಮಾಡಿ."