ದೂರದ ಗುರಿಗೆ ಕೈಗೆಟಕುವ .22 ಕಾಡತೂಸು: ಆಯ್ಕೆ ಮಾಡುವುದು ಹೇಗೆ?

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಲೈಸೆನ್ಸ್ ಪಡೆದು .22 (ನಳಿಗೆಯ ಒಳ ಅಳತೆ ಸುಮಾರು 0.22 ಇಂಚು) ರೈಫಲ್‌ನಲ್ಲಿ ಗುರಿ ಅಭ್ಯಾಸ ಮಾಡುವವರನ್ನು ಬಹುಬೇಗ ಕಾಡುವ ಪ್ರಶ್ನೆ ಕಾಡತೂಸಿನದು. ರೈಫಲ್‌ಗೆ ಒಮ್ಮೆ ಹಣ ಹಾಕಿದರೆ ಮುಗಿಯಿತು. ಕಾಡತೂಸಿಗೆ ಮತ್ತೆ ಮತ್ತೆ ಕೈಬಿಚ್ಚಬೇಕು. 50 ಮೀಟರ್ ದಾಟಿ 100, 200 ಮೀಟರ್ ದೂರದ ಗುರಿಗೆ ಹೊಡೆಯುವ ಆಸೆ ಹುಟ್ಟಿದ ಮೇಲಂತೂ, ಅಲ್ಲಿಯವರೆಗೆ ಚೆನ್ನಾಗಿಯೇ ನಡೆದುಕೊಂಡಿದ್ದ ಅಗ್ಗದ ಪೆಟ್ಟಿಗೆ ಇದ್ದಕ್ಕಿದ್ದಂತೆ ಕೈಕೊಡತೊಡಗುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕಾಣುವ ಎಲೀ ಟೆನೆಕ್ಸ್, ಆರ್‌ಡಬ್ಲ್ಯೂಎಸ್ ಆರ್50, ಲಾಪುವಾ ಎಕ್ಸ್-ಆ್ಯಕ್ಟ್‌ನಂಥ ದುಬಾರಿ ಕಾಡತೂಸುಗಳನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಇದ್ದವರೂ ದಿನನಿತ್ಯದ ಅಭ್ಯಾಸಕ್ಕೆ ಅವನ್ನು ಸುರಿಯುವುದು ವಿವೇಕವಲ್ಲ. ಮಧ್ಯಮ ದರ್ಜೆಯಲ್ಲೇ ತಮ್ಮ ರೈಫಲ್‌ಗೆ ಒಗ್ಗುವ ಒಂದು ಲಾಟನ್ನು (ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ಕಂತನ್ನು) ಹುಡುಕಿ, ಅದನ್ನೇ ಲೈಸೆನ್ಸ್ ಒಪ್ಪುವಷ್ಟು ಕೊಂಡಿಟ್ಟುಕೊಳ್ಳುವುದು ಇದಕ್ಕಿರುವ ದಾರಿ.

ಕಾಗದಪತ್ರ ಮೊದಲು

ಕಾಡತೂಸು ಖರೀದಿ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳಿಗೆ ಒಳಪಟ್ಟದ್ದು. ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬ ಎರಡು ಮಿತಿಗಳೂ ಲೈಸೆನ್ಸ್‌ನಲ್ಲೇ ನಮೂದಾಗಿರುತ್ತವೆ, ಆದ್ದರಿಂದ ಪರೀಕ್ಷೆಯ ಲೆಕ್ಕವನ್ನು ಅಲ್ಲಿಂದಲೇ ಶುರುಮಾಡಬೇಕು. ವರ್ಷದ ಮಿತಿ ಕಡಿಮೆಯಿದ್ದರೆ ಆರೇಳು ಬ್ರ್ಯಾಂಡ್‌ಗಳನ್ನು ಹೋಲಿಸುವ ಮಾತೇ ಬರುವುದಿಲ್ಲ. ಎರಡೋ ಮೂರೋ ಆರಿಸಿಕೊಂಡು ಉಳಿದದ್ದನ್ನು ಅಭ್ಯಾಸಕ್ಕೆ ಮೀಸಲಿಡಬೇಕಾಗುತ್ತದೆ. ನೆರೆಯ ಕೊಡಗಿನಲ್ಲಿ ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಕೋವಿ ಲೈಸೆನ್ಸ್ ವಿನಾಯಿತಿ ನಮ್ಮ ಎರಡು ಜಿಲ್ಲೆಗಳಿಗೆ ಅನ್ವಯಿಸುವುದಿಲ್ಲ. ಲೈಸೆನ್ಸ್‌ನಲ್ಲಿ ಬರೆದ ಉದ್ದೇಶ ಬೆಳೆ ರಕ್ಷಣೆ ಎಂದಿದ್ದರೆ, ಅದೇ ಕೋವಿಯಲ್ಲಿ ಗುರಿ ಅಭ್ಯಾಸಕ್ಕೆ ಅವಕಾಶವಿದೆಯೇ ಎಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಂಡೇ ಮುಂದುವರಿಯುವುದು ಒಳ್ಳೆಯದು.

ತೋಟದ ಮೂಲೆಯಲ್ಲಿ ಹಲಗೆ ನೆಟ್ಟು ಹೊಡೆಯುವ ಯೋಚನೆಯನ್ನು ಬಿಟ್ಟುಬಿಡಬೇಕು. .22 ಗುಂಡು ಚಿಕ್ಕದೆಂಬ ಸಸಾರವೇ ಅಪಾಯಕ್ಕೆ ಮೂಲ. ಅದು ಒಂದು ಮೈಲಿಗೂ ಹೆಚ್ಚು ದೂರ ಹೋಗಬಲ್ಲದು, ಕಲ್ಲಿಗೋ ನೀರಿಗೋ ತಾಗಿದರೆ ದಿಕ್ಕು ಬದಲಿಸಿ ಚಿಮ್ಮುತ್ತದೆ, ಕಾಫಿ ಗಿಡಗಳ ಸಾಲಿನ ಆಚೆ ಯಾರು ಹಣ್ಣು ಕೊಯ್ಯುತ್ತಿದ್ದಾರೆಂಬುದು ಹೊಡೆಯುವವನಿಗೆ ಕಾಣುವುದಿಲ್ಲ. ಇಲ್ಲಿ ಹೇಳುವ ಎಲ್ಲ ಪರೀಕ್ಷೆಗಳೂ ಅನುಮತಿ ಇರುವ, ಹಿಂದೆ ಎತ್ತರದ ಮಣ್ಣಿನ ದಿಬ್ಬವಿರುವ ರೇಂಜ್‌ನಲ್ಲಿ ನಡೆಯಬೇಕಾದವು.

ಅಗ್ಗದ ಪೆಟ್ಟಿಗೆ ದೂರದಲ್ಲಿ ಸೋಲುವುದೇಕೆ?

.22 ಕಾಡತೂಸಿನ ತಳವನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ಸುತ್ತ ತೆಳುವಾದ ಅಂಚೊಂದು ಕಾಣುತ್ತದೆ. ಕಿಡಿ ಹತ್ತಿಸುವ ಮದ್ದು ಇರುವುದು ಆ ಮಡಿಕೆಯ ಒಳಗೆ. ಕಾರ್ಖಾನೆಯಲ್ಲಿ ಹಸಿ ಮಿಶ್ರಣವನ್ನು ಹಾಕಿ, ಕೋಶವನ್ನು (ಕಾಡತೂಸಿನ ಹಿತ್ತಾಳೆಯ ಕವಚವನ್ನು) ಗಿರ್ರನೆ ತಿರುಗಿಸಿ, ಅದು ಅಂಚಿನ ಸುತ್ತಲೂ ಹರಡುವಂತೆ ಮಾಡುತ್ತಾರೆ. ಎಲ್ಲೆಡೆ ಸಮನಾಗಿ ಹರಡದಿದ್ದರೆ ಒಂದು ಕಾಡತೂಸು ಚುರುಕಾಗಿ ಹತ್ತಿಕೊಳ್ಳುತ್ತದೆ, ಮುಂದಿನದು ಸ್ವಲ್ಪ ಮಂದವಾಗುತ್ತದೆ, ಇನ್ನೊಂದು ಹೊಡೆಯುವುದೇ ಇಲ್ಲ. ದೊಡ್ಡ ರೈಫಲ್‌ನವರು ಖಾಲಿ ಕೋಶಕ್ಕೆ ಮರಳಿ ಮದ್ದು ತುಂಬಿ ತಮಗೆ ಬೇಕಾದಂತೆ ಹದ ಮಾಡಿಕೊಳ್ಳುವುದುಂಟು; .22ರಲ್ಲಿ ಆ ದಾರಿ ಇಲ್ಲ. ಕಾರ್ಖಾನೆ ತೋರಿದ ಜಾಗ್ರತೆಯಷ್ಟೇ ನಮ್ಮ ಪಾಲಿಗೆ ಬರುವುದು.

ಈ ಏರುಪೇರು ಹತ್ತಿರದಲ್ಲಿ ಅಡಗಿಕೊಳ್ಳುತ್ತದೆ. ಸಾಮಾನ್ಯ ಗುರಿ ಕಾಡತೂಸಿನ ಗುಂಡಿನ ತೂಕ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ, ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ 320ರಿಂದ 330 ಮೀಟರ್. ಸ್ಕೋಪನ್ನು 50 ಮೀಟರ್‌ಗೆ ಹೊಂದಿಸಿದ ರೈಫಲ್‌ನಲ್ಲಿ ಅದು 100 ಮೀಟರ್‌ಗೆ ಸುಮಾರು ಒಂದು ಗೇಣು ಕೆಳಗೆ ಬೀಳುತ್ತದೆ, 200 ಮೀಟರ್‌ಗೆ ಹೆಚ್ಚುಕಡಿಮೆ ಒಂದಾಳುದ್ದ. ಒಂದೇ ಪೆಟ್ಟಿಗೆಯ ಎರಡು ಕಾಡತೂಸುಗಳ ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಿದ್ದರೆ 50 ಮೀಟರ್‌ನಲ್ಲಿ ಅದರಿಂದಾಗುವ ಎತ್ತರದ ಅಂತರ ಒಂದು ಸೆಂಟಿಮೀಟರ್‌ಗಿಂತ ಕಡಿಮೆ. ಅದೇ ಎರಡು ಗುಂಡುಗಳು 200 ಮೀಟರ್‌ನಲ್ಲಿ ಹತ್ತು ಸೆಂಟಿಮೀಟರ್‌ಗೂ ಮಿಕ್ಕಿದ ಅಂತರದಲ್ಲಿ ತಗುಲುತ್ತವೆ. ದೂರ ನಾಲ್ಕು ಪಟ್ಟಾದಾಗ ತಪ್ಪು ನಾಲ್ಕು ಪಟ್ಟಾಗಿ ನಿಲ್ಲದೆ ಹದಿನಾರು ಪಟ್ಟಿನ ಸಮೀಪಕ್ಕೆ ಬೆಳೆಯುತ್ತದೆ, ಏಕೆಂದರೆ ಗುಂಡು ಕೆಳಗಿಳಿಯುವುದು ಹಾರಾಟದ ಸಮಯದ ವರ್ಗಕ್ಕೆ ಅನುಗುಣವಾಗಿ. ದೂರದ ಗುರಿಗೆ ಕಾಡತೂಸು ಆರಿಸುವವರು ಮೊದಲು ನೋಡಬೇಕಾದದ್ದು ಗುಂಪಿನ, ಅಂದರೆ ಹಾಳೆಯ ಮೇಲೆ ಒಟ್ಟಿಗೆ ಬಿದ್ದ ತೂತುಗಳ, ಎತ್ತರವನ್ನು. ಅಗಲದ ವಿಚಾರ ಆಮೇಲೆ.

ಹೈ ವೆಲಾಸಿಟಿಯ ಆಕರ್ಷಣೆ

ಗುಂಡು ಬೀಳುವುದು ವೇಗ ಸಾಲದೆ ಎಂದಾದರೆ ಹೆಚ್ಚು ವೇಗದ್ದನ್ನೇ ಕೊಳ್ಳೋಣ ಎಂದು ಹೊಸಬರಿಗೆ ತೋರುವುದು ಸಹಜ. ಸೆಕೆಂಡಿಗೆ 370–380 ಮೀಟರ್ ವೇಗದ ಹೈ ವೆಲಾಸಿಟಿ ಪೆಟ್ಟಿಗೆಗಳು ಬೆಲೆಯಲ್ಲೂ ಹಗುರವಾಗಿರುತ್ತವೆ. ಆದರೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಈ ಗುಂಡುಗಳು ಅದಕ್ಕಿಂತ ಹೆಚ್ಚು ವೇಗದಲ್ಲಿ ಹೊರಟು, 50 ಮೀಟರ್ ಆಸುಪಾಸಿನಲ್ಲೇ ಅದಕ್ಕಿಂತ ಕೆಳಗಿಳಿಯುತ್ತವೆ, ಹಾಗೆ ಇಳಿಯುವ ಹಂತದಲ್ಲಿ ಗಾಳಿಯ ಒತ್ತಡ ಬದಲಾಗಿ ಗುಂಡಿನ ನಿಲುವು ಕದಡುತ್ತದೆ. ಇನ್ನೊಂದು ಸಂಗತಿ ಕೇಳಿದವರಿಗೆ ಅಚ್ಚರಿ ತರಬಹುದು: ಅಡ್ಡಗಾಳಿಗೆ ಹೆಚ್ಚು ಸರಿಯುವುದು ಈ ವೇಗದ ಗುಂಡೇ. ಗಾಳಿ ಗುಂಡನ್ನು ಎಷ್ಟು ತಳ್ಳುತ್ತದೆ ಎಂಬುದನ್ನು ನಿರ್ಧರಿಸುವುದು, ಗಾಳಿಯ ಎಳೆತದಿಂದ ನಿಧಾನವಾಗಿ ಹಾರಾಟದಲ್ಲಿ ಅದು ಎಷ್ಟು ಸಮಯ ಕಳೆದುಕೊಳ್ಳುತ್ತದೆ ಎಂಬುದು. ಶಬ್ದದ ವೇಗದ ಹತ್ತಿರ ಎಳೆತ ವಿಪರೀತವಾಗುವುದರಿಂದ ವೇಗದ ಗುಂಡು ಕಳೆದುಕೊಳ್ಳುವುದೇ ಜಾಸ್ತಿ. ಮುಳ್ಳಯ್ಯನಗಿರಿ ತಪ್ಪಲಿನಂಥ ಗಾಳಿಯ ಜಾಗದಲ್ಲಿ ಹೊಡೆಯುವವರಿಗೆ ಇದು ಸಣ್ಣ ವಿಷಯವಲ್ಲ. ಪೆಟ್ಟಿಗೆಯ ಮೇಲೆ ಸ್ಟ್ಯಾಂಡರ್ಡ್ ವೆಲಾಸಿಟಿ, ಮ್ಯಾಚ್ ಅಥವಾ ಟಾರ್ಗೆಟ್ ಎಂದಿರುವುದನ್ನೇ ಕೇಳಿ ಪಡೆಯಬೇಕು.

ಯಾವುದನ್ನು ತರಿಸಿಕೊಳ್ಳುವುದು?

ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಒಂದೇ ತೋಟದ ಬೀಜವನ್ನು ಜರಡಿ ಹಿಡಿದು ಎ, ಬಿ, ಪಿಬಿ ಎಂದು ಬೇರ್ಪಡಿಸುವುದನ್ನು ನಮ್ಮ ಕಡೆಯವರು ಬಲ್ಲರು. ಹೆಸರಾಂತ ಕಂಪನಿಗಳ ಕಾಡತೂಸಿನ ಶ್ರೇಣಿಗಳೂ ಬಹುಮಟ್ಟಿಗೆ ಹೀಗೆಯೇ. ಲಾಪುವಾ ಕಂಪನಿಯ ಎಕ್ಸ್-ಆ್ಯಕ್ಟ್, ಮಿಡಾಸ್ ಪ್ಲಸ್, ಸೆಂಟರ್-ಎಕ್ಸ್‌ಗಳ ನಡುವಿನ ವ್ಯತ್ಯಾಸ ಪರೀಕ್ಷೆಯಲ್ಲಿ ಪಡೆದ ದರ್ಜೆಯದು. ಹಾಗಾಗಿ ಕೆಳಗಿನ ದರ್ಜೆಯ ಒಂದು ಒಳ್ಳೆಯ ಲಾಟು, ನಿಮ್ಮ ರೈಫಲ್‌ಗೆ ಒಗ್ಗದ ಮೇಲಿನ ದರ್ಜೆಯ ಲಾಟನ್ನು ಸೋಲಿಸುವುದು ಅಪರೂಪವೇನಲ್ಲ.

ಅಮೆರಿಕದ ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ, ಜರ್ಮನಿಯ ಶೋನೆಬೆಕ್‌ನಲ್ಲಿ ತಯಾರಾಗುವ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್, ಇಂಗ್ಲೆಂಡಿನ ಎಲೀ ಕ್ಲಬ್, ಜರ್ಮನಿಯದೇ ಆರ್‌ಡಬ್ಲ್ಯೂಎಸ್ ಟಾರ್ಗೆಟ್ ರೈಫಲ್ ಇವು ಹೊರೆಯಾಗದ ಬೆಲೆಯ ಸಾಲಿನಲ್ಲಿ ನಿಲ್ಲುತ್ತವೆ. ಇವುಗಳಲ್ಲಿ ಆರಿಸಿಕೊಳ್ಳಲು ಅವಕಾಶ ಸಿಕ್ಕರೆ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್‌ನಿಂದ ಆರಂಭಿಸುವುದು ಈ ಲೇಖಕನ ಸಲಹೆ. ಒಂದು ಮೆಟ್ಟಿಲು ಮೇಲೆ ಎಸ್‌ಕೆ ರೈಫಲ್ ಮ್ಯಾಚ್ ಇದೆ. ದೂರದ ಹೊಡೆತಕ್ಕೆಂದೇ ರೂಪಿಸಿದ ಎಸ್‌ಕೆ ಲಾಂಗ್ ರೇಂಜ್ ಮ್ಯಾಚ್ ಕೂಡ ಇದೆ. ನಮ್ಮ ದೇಶದಲ್ಲಿ ಇವೆಲ್ಲ ಯಾವಾಗಲೂ ಅಂಗಡಿಯಲ್ಲಿ ಇರುವುದಿಲ್ಲ. ಆರ್ಡ್‌ನೆನ್ಸ್ ಫ್ಯಾಕ್ಟರಿಯ ಕಾಡತೂಸು ಸುಲಭವಾಗಿ ಸಿಗುತ್ತದೆ. ಹತ್ತಿರದ ಅಭ್ಯಾಸಕ್ಕೂ ಭಂಗಿ, ಉಸಿರು, ಟ್ರಿಗರ್‌ಗಳನ್ನು ತಿದ್ದಿಕೊಳ್ಳುವುದಕ್ಕೂ ಅದು ಸಾಕು. 100 ಮೀಟರ್ ಆಚೆಗೆ ಅದನ್ನು ನಂಬುವ ಮುನ್ನ ಮಾತ್ರ ಮುಂದೆ ಹೇಳುವ ಪರೀಕ್ಷೆ ನಡೆಯಲೇಬೇಕು.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಅಚ್ಚೊತ್ತಿದ ಲಾಟ್ ಸಂಖ್ಯೆಯನ್ನು ಓದಿ ಬರೆದುಕೊಳ್ಳಬೇಕು. ಸಾಮಾನ್ಯವಾಗಿ ಒಂದು ಪೆಟ್ಟಿಗೆಯಲ್ಲಿ 50, ಒಂದು ಕಟ್ಟಿನಲ್ಲಿ 500 ಕಾಡತೂಸುಗಳಿರುತ್ತವೆ. ಅದೇ ಹೆಸರು, ಅದೇ ಬಣ್ಣದ ಪೆಟ್ಟಿಗೆಯಾದರೂ ಲಾಟ್ ಬದಲಾದರೆ ಅದನ್ನು ಬೇರೆ ಸರಕೆಂದೇ ಎಣಿಸಬೇಕು. ಯುರೋಪಿನ ದೊಡ್ಡ ಶೂಟರ್‌ಗಳು ಬರ್ಮಿಂಗ್‌ಹ್ಯಾಂನ ಎಲೀ ರೇಂಜ್‌ಗೋ ಶೋನೆಬೆಕ್‌ನ ಲಾಪುವಾ ಕೇಂದ್ರಕ್ಕೋ ತಮ್ಮ ರೈಫಲ್ ಒಯ್ದು ಲಾಟ್ ಆರಿಸಿ ಬರುವುದು ಇದೇ ಕಾರಣಕ್ಕೆ. ನಮಗೆ ಅಂಥ ಸೌಕರ್ಯವಿಲ್ಲ. ಅಂಗಡಿಯವರ ಬಳಿ ಎರಡು ಲಾಟ್ ಇದ್ದರೆ ಎರಡರಿಂದಲೂ ಒಂದೊಂದು ಪೆಟ್ಟಿಗೆ ಕೊಂಡು, ಗೆದ್ದ ಲಾಟಿನಲ್ಲಿ ಒಂದಷ್ಟನ್ನು ತೆಗೆದಿಡುವಂತೆ ವಿನಂತಿಸಿಕೊಳ್ಳಬಹುದು. ಒಬ್ಬರ ಲೈಸೆನ್ಸ್‌ನಲ್ಲಿ ಕೊಂಡದ್ದನ್ನು ಗೆಳೆಯರಿಗೆ ಹಂಚುವಂತಿಲ್ಲ ಎಂಬುದು ನೆನಪಿರಲಿ. ಪರೀಕ್ಷೆಯ ಫಲಿತಾಂಶವನ್ನು ಹಂಚಿಕೊಳ್ಳಲು ಅಡ್ಡಿಯಿಲ್ಲ, ಆದರೂ ಒಂದು ರೈಫಲ್‌ಗೆ ಒಗ್ಗಿದ್ದು ಅದೇ ಕಂಪನಿಯ ಇನ್ನೊಂದು ರೈಫಲ್‌ಗೆ ಒಗ್ಗುತ್ತದೆಂಬ ಭರವಸೆ ಇಲ್ಲ.

ಗುರಿಹಾಳೆಯ ಮೇಲಿನ ಪರೀಕ್ಷೆ

ಗಾಳಿ ಏಳುವ ಮುನ್ನ, ಬೆಳಗಿನ ಹೊತ್ತೇ ಇದಕ್ಕೆ ಸೂಕ್ತ. ಚಳಿಗಾಲದಲ್ಲಿ ಮಂಜು ಕರಗಿ ಹಿಂದಿನ ದಿಬ್ಬ ಸ್ಪಷ್ಟವಾಗಿ ಕಾಣುವವರೆಗೆ ಕಾಯಬೇಕು. ರೈಫಲ್‌ನ ಮುಂಭಾಗವನ್ನೂ ಹಿಂಬದಿಯನ್ನೂ ಮರಳು ಚೀಲಗಳ ಮೇಲೆ ಕೂರಿಸಿ, ಶೂಟರ್‌ನ ಕೈನಡುಕ ಲೆಕ್ಕಕ್ಕೆ ಬಾರದಂತೆ ನೋಡಿಕೊಳ್ಳಬೇಕು.

ಪ್ರತಿ ಕಂಪನಿಯೂ ಗುಂಡಿಗೆ ತನ್ನದೇ ಮೇಣ ಸವರಿರುತ್ತದೆ. ಹಿಂದಿನ ಬ್ರ್ಯಾಂಡ್‌ನ ಮೇಣ ನಳಿಗೆಯಲ್ಲಿ ಉಳಿದಿರುವಾಗ ಹೊಸದರ ಮೊದಲ ಗುಂಡುಗಳು ಅಲ್ಲಿ ಇಲ್ಲಿ ಹೋಗುವುದು ಸಾಮಾನ್ಯ. ಆದ್ದರಿಂದ ಬ್ರ್ಯಾಂಡ್ ಬದಲಿಸಿದಾಗಲೆಲ್ಲ 15–20 ಗುಂಡುಗಳನ್ನು ದಿಬ್ಬಕ್ಕೆ ಹೊಡೆದು, ಆಮೇಲೆ ಎಣಿಕೆ ಆರಂಭಿಸಬೇಕು. ಮಿತಿಯ ಕಾಡತೂಸಿನಲ್ಲಿ ಇಷ್ಟೊಂದು ವ್ಯರ್ಥವೇ ಎಂದು ಮನಸ್ಸು ಹಿಂಜರಿಯುತ್ತದೆ. ಇದನ್ನು ಉಳಿಸಲು ಹೋದರೆ ಪರೀಕ್ಷೆಯೇ ಸುಳ್ಳಾಗುತ್ತದೆ.

ಮೊದಲು 50 ಮೀಟರ್‌ನಲ್ಲಿ ಐದೈದು ಗುಂಡಿನ ಐದು ಗುಂಪು. ಮೂರು ಗುಂಡು ಹೊಡೆದು, ಮೂರೂ ಒಂದೇ ತೂತಿನಲ್ಲಿ ಹೋದವೆಂದು ಫೋಟೊ ತೆಗೆದು ಸಂಭ್ರಮಿಸುವುದರಿಂದ ಏನೂ ತಿಳಿಯುವುದಿಲ್ಲ. ಅಳೆಯುವುದೂ ಕಷ್ಟವಲ್ಲ: ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಗುಂಡಿನ ವ್ಯಾಸವಾದ 5.7 ಮಿಲಿಮೀಟರ್ ಕಳೆದರೆ ಗುಂಪಿನ ಗಾತ್ರ ಸಿಗುತ್ತದೆ. 50 ಮೀಟರ್ ರೈಫಲ್ ಸ್ಪರ್ಧೆಯ ಗುರಿಹಾಳೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್, ಮಧ್ಯಮ ದರ್ಜೆಯ ಕಾಡತೂಸು ಮರಳು ಚೀಲದ ಮೇಲಿನಿಂದ ಸತತವಾಗಿ 15 ಮಿಲಿಮೀಟರ್ ಆಸುಪಾಸಿನ ಗುಂಪು ಕೊಟ್ಟರೆ ತೃಪ್ತಿಪಡಬಹುದು. ಐದರಲ್ಲಿ ನಾಲ್ಕು ಒಟ್ಟಿಗಿದ್ದು ಒಂದು ಮಾತ್ರ ದೂರ ಹಾರಿದ್ದರೆ ಆ ಒಂದನ್ನು ಲೆಕ್ಕದಿಂದ ಬಿಡುವ ಆಸೆ ಬರುತ್ತದೆ. ಬಿಡಬಾರದು. ಹಾಗೆ ಹಾರುವುದು ಎಷ್ಟು ಸಲ ಎಂಬುದನ್ನೇ ಈ ಪರೀಕ್ಷೆ ಹೇಳಬೇಕಾದದ್ದು.

ಮುಂದೆ, ಗೆದ್ದ ಎರಡನ್ನು 100 ಮೀಟರ್‌ನಲ್ಲಿ ಹತ್ತತ್ತು ಗುಂಡಿನ ಗುಂಪುಗಳಲ್ಲಿ ಹೋಲಿಸಬೇಕು. ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಸರಿ. ಇಲ್ಲದಿದ್ದರೆ ಅದಕ್ಕಾಗಿ ಸಾಲ ಮಾಡಬೇಕಾಗಿಲ್ಲ, ಹಾಳೆಯೇ ಆ ಕೆಲಸ ಮಾಡುತ್ತದೆ. ತೂತುಗಳು ಅಡ್ಡಕ್ಕೆ ಹರಡಿದ್ದರೆ ಗಾಳಿಯನ್ನು ಅನುಮಾನಿಸಬೇಕು. ಅಗಲ ಕಿರಿದಾಗಿದ್ದು ತೂತುಗಳು ಮೇಲಿಂದ ಕೆಳಕ್ಕೆ ಸಾಲುಗಟ್ಟಿದ್ದರೆ, ಹೊಡೆಯುವವನ ಕೈ ಸರಿಯಾಗಿದೆ, ಕಾಡತೂಸಿನ ವೇಗ ಒಂದೇ ಸಮನಿಲ್ಲ ಎಂದು ಬಹುಪಾಲು ಧೈರ್ಯದಿಂದ ಹೇಳಬಹುದು. ಅಂಥದ್ದು 50 ಮೀಟರ್‌ನಲ್ಲಿ ಎಷ್ಟೇ ಸೊಗಸಾಗಿ ಕಂಡಿದ್ದರೂ ದೂರದ ಗುರಿಗೆ ಆಗದು.

ಅಂಚಿನ ದಪ್ಪವನ್ನು ಗೇಜ್‌ನಲ್ಲಿ ಅಳೆದು, ಒಂದೊಂದನ್ನೂ ತೂಗಿ ವಿಂಗಡಿಸುವ ಅಭ್ಯಾಸ ಕೆಲವರಿಗಿದೆ. ಒಂದು ಇಡೀ ಸಂಜೆ ಅದಕ್ಕೆ ಹೋಗುತ್ತದೆ. ಒಳ್ಳೆಯ ಲಾಟ್ ಹುಡುಕುವುದರಿಂದ ಆಗುವ ಲಾಭದ ಮುಂದೆ ಅದರ ಫಲ ಅಲ್ಪ.

ಬೆಲೆಯನ್ನು ತೂಗುವುದು ಈ ಹಂತದಲ್ಲಿ. ಐವತ್ತರ ಪೆಟ್ಟಿಗೆಯಲ್ಲಿ ನಾಲ್ಕೈದು ಗುಂಡುಗಳು ತಾವಾಗಿಯೇ ದಾರಿ ತಪ್ಪುವಂತಿದ್ದರೆ, ಕಲಿಯುವವರು ತಮ್ಮದಲ್ಲದ ತಪ್ಪನ್ನು ತಿದ್ದಲು ಹೋಗಿ ಸ್ಕೋಪನ್ನು ತಿರುಗಿಸುತ್ತಾರೆ, ಭಂಗಿ ಬದಲಿಸುತ್ತಾರೆ. ಆ ಕೆಟ್ಟ ಅಭ್ಯಾಸ ಬಿಡಿಸಲು ಮತ್ತಷ್ಟು ಕಾಡತೂಸು ಬೇಕಾಗುತ್ತದೆ.

ಮಳೆಗಾಲದ ದಾಸ್ತಾನು

ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಹಿತ್ತಾಳೆಯ ಕೋಶ ಮಂಕಾಗುತ್ತದೆ, ರಟ್ಟಿನ ಪೆಟ್ಟಿಗೆಗೆ ಬೂಷ್ಟು ಹಿಡಿಯುತ್ತದೆ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಟ್ಟು, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಬೇಕು. ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಾಗಲಿ, ಬಿಸಿಲಿಗೆ ನಿಂತ ಜೀಪಿನಲ್ಲಾಗಲಿ ಇಟ್ಟರೆ ಮೇಣ ಕರಗಿ ಕೆಡುತ್ತದೆ. ಬಿಡಿ ಕಾಡತೂಸನ್ನು ಜೇಬಿಗೆ ಹಾಕಿಕೊಳ್ಳುವುದೂ ಸರಿಯಲ್ಲ. ಮೇಣಕ್ಕೆ ಅಂಟಿದ ದೂಳು ನೇರವಾಗಿ ನಳಿಗೆಗೆ ಹೋಗುತ್ತದೆ. ಟ್ರಿಗರ್ ಒತ್ತಿದರೂ ಹೊಡೆಯದಿದ್ದರೆ ನಳಿಗೆಯನ್ನು ದಿಬ್ಬದ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾದು ಬೋಲ್ಟ್ ತೆರೆಯಬೇಕು.

ಚುನಾವಣೆ ಘೋಷಣೆಯಾದಾಗ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶ ಬರುವುದುಂಟು. ಅಂಥ ತಿಂಗಳುಗಳನ್ನು ಬಿಟ್ಟು ಪರೀಕ್ಷೆಯ ದಿನ ಗೊತ್ತುಮಾಡಿಕೊಳ್ಳಬೇಕು. ಕೈಯಲ್ಲಿರುವ ಒಳ್ಳೆಯ ಲಾಟ್ ಪೂರ್ತಿ ಮುಗಿಯಲು ಬಿಡದೆ, ನಾಲ್ಕು ಪೆಟ್ಟಿಗೆ ಉಳಿದಿರುವಾಗಲೇ ಮುಂದಿನ ಲಾಟನ್ನು ತಂದು, ಒಂದೇ ಬೆಳಗ್ಗೆ, ಒಂದೇ ಗಾಳಿಯಲ್ಲಿ, ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು.