ಕೋಡ್ ಬರೆದಾಯ್ತು, ಲೈಸೆನ್ಸ್ ಯಾವುದು ಹಾಕೋದು?

ಮೂರು ವರ್ಷದ ಹಿಂದೆ ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್ ಬರೆದು, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ಗೆ ಹಾಕಿದ್ದೆ. 1,25,050 ಅಂತ ಅಂಕಿ ಕೊಟ್ಟರೆ ‘ಒಂದು ಲಕ್ಷದ ಇಪ್ಪತ್ತೈದು ಸಾವಿರದ ಐವತ್ತು’ ಅಂತ ಅಕ್ಷರದಲ್ಲಿ ಬರೆದುಕೊಡುತ್ತದೆ, ಅಷ್ಟೇ ಅದರ ಕೆಲಸ. ಬೇಕಾದವರು ಬಳಸಲಿ ಅಂತ ಸುಮ್ನೆ ಬಿಟ್ಟಿದ್ದೆ. ಒಂದು ದಿನ ಒಬ್ಬರ ಮೇಲ್ ಬಂತು: ‘ಸರ್, ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿಗೆ ಇದು ಬೇಕಿತ್ತು. ಲೈಸೆನ್ಸೇ ಇಲ್ವಲ್ಲ, ಹೇಗೆ ಬಳಸೋದು?’ ನನಗೆ ನಗು ಬಂತು. ಆಮೇಲೆ ಕೂತು ಓದಿದೆ. ಅವರು ಕೇಳಿದ್ದೇ ಸರಿ ಇತ್ತು.

ನಮ್ಮ 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಕತೆ, ಕವನದ ಸಾಲಿನಲ್ಲೇ ‘ಸಾಹಿತ್ಯ ಕೃತಿ’ ಅಂತ ನೋಡುತ್ತದೆ. ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಬೇಕಿಲ್ಲ. ಹಾಗಾಗಿ ಲೈಸೆನ್ಸ್, ಅಂದರೆ ಬಳಸಲು ಬರೆದುಕೊಟ್ಟ ಅನುಮತಿ, ಇಲ್ಲದ ಕೋಡ್ ಬೀಗ ಹಾಕಿದ ಮನೆ ಇದ್ದಂತೆ, ಕಿಟಕಿಯಿಂದ ಒಳಗೆ ಕಾಣುತ್ತದೆ ಅಷ್ಟೇ. ಗಿಟ್‌ಹಬ್‌ನಲ್ಲಿ ನೋಡಬಹುದು, ಫೋರ್ಕ್, ಅಂದರೆ ಅಲ್ಲೇ ತಮ್ಮ ಖಾತೆಗೆ ಒಂದು ಪ್ರತಿ, ಮಾಡಿಕೊಳ್ಳಬಹುದು. ತಮ್ಮ ಸಾಫ್ಟ್‌ವೇರಿಗೆ ಸೇರಿಸಿ ಹಂಚುವ ಹಾಗಿಲ್ಲ.

ಲೈಸೆನ್ಸ್ ಹುಡುಕುವ ಮೊದಲು ಒಂದು ಮಾತು: ಕೋಡ್ ನಿಮ್ಮದೇ ತಾನೇ? ನೌಕರಿಯ ಭಾಗವಾಗಿ ಬರೆದಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದು ಕಂಪನಿಯದು. ಆಫರ್ ಲೆಟರ್ ತೆಗೆದು ಇನ್ನೊಂದು ಸಲ ಓದಿ.

ಇನ್ನು ತತ್ವದ ವಿಷಯ. ‘ಫ್ರೀ ಸಾಫ್ಟ್‌ವೇರ್’ ಅನ್ನುವಾಗ ಇಂಗ್ಲಿಷಿನವರು ‘ಫ್ರೀ’ ಅನ್ನೋ ಒಂದೇ ಪದ ಇಟ್ಟುಕೊಂಡು ದಶಕಗಟ್ಟಲೆ ಒದ್ದಾಡುತ್ತಿದ್ದಾರೆ. ನಮಗೆ ಆ ತಾಪತ್ರಯ ಇಲ್ಲ, ಬಿಟ್ಟಿ ಬೇರೆ, ಸ್ವತಂತ್ರ ಬೇರೆ. 1983ರಲ್ಲಿ ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್ಮನ್ ಗ್ನೂ ಅನ್ನೋ ಸ್ವತಂತ್ರ ಸಾಫ್ಟ್‌ವೇರ್ ಯೋಜನೆ ಘೋಷಿಸಿದಾಗ ಅವರ ತಲೆಯಲ್ಲಿದ್ದದ್ದು ಎರಡನೆಯದು. ದುಡ್ಡು ತಗೊಂಡು ಮಾರಿದರೂ ತಪ್ಪಿಲ್ಲ, ಆದರೆ ಕೊಂಡವರು ಅದನ್ನು ಯಾವ ಕೆಲಸಕ್ಕಾದರೂ ಬಳಸುವ ಹಾಗಿರಬೇಕು, ಒಳಗೇನಿದೆ ಅಂತ ನೋಡಿ ತಿದ್ದುವ ಹಾಗಿರಬೇಕು, ಇನ್ನೊಬ್ಬರಿಗೆ ಕೊಡುವ ಹಾಗಿರಬೇಕು, ತಾವು ತಿದ್ದಿದ್ದನ್ನೂ ಹಂಚುವ ಹಾಗಿರಬೇಕು. ಈ ನಾಲ್ಕು ಸ್ವಾತಂತ್ರ್ಯಗಳಿಗೆ ಸೊನ್ನೆಯಿಂದ ಮೂರರವರೆಗೆ ನಂಬರ್ ಕೊಟ್ಟಿದ್ದಾರೆ, ಸೊನ್ನೆಯಿಂದ ಎಣಿಸುವ ಪ್ರೋಗ್ರಾಮರ್ ಬುದ್ಧಿ ಎಲ್ಲಿ ಹೋಗುತ್ತದೆ! ‘ಓಪನ್ ಸೋರ್ಸ್’ ಅನ್ನೋ ಹೆಸರು ಬಂದಿದ್ದು 1998ರಲ್ಲಿ, ಸೂಚಿಸಿದವರು ಕ್ರಿಸ್ಟೀನ್ ಪೀಟರ್ಸನ್. ಲೈಸೆನ್ಸ್‌ಗಳು ಹೆಚ್ಚುಕಮ್ಮಿ ಅವೇ. ಫ್ರೀ ಸಾಫ್ಟ್‌ವೇರಿನವರು ಹಕ್ಕಿನ ಮಾತಾಡುತ್ತಾರೆ, ಓಪನ್ ಸೋರ್ಸಿನವರು ಹೀಗೆ ಮಾಡಿದರೆ ಸಾಫ್ಟ್‌ವೇರ್ ಚೆನ್ನಾಗಿ ಬರುತ್ತದೆ ಅನ್ನುತ್ತಾರೆ.

ಆಯ್ಕೆ ಮಾಡುವಾಗ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಯಾವುದೋ ದೊಡ್ಡ ಕಂಪನಿ ನಿಮ್ಮ ಕೋಡ್ ತಗೊಂಡು, ತಿದ್ದಿ, ಸೋರ್ಸ್ (ಬರೆದ ಮೂಲ ಕೋಡ್) ತೋರಿಸದೆ ಮಾರಿದರೆ ಹೊಟ್ಟೆ ಉರಿಯುತ್ತದಾ?

‘ಮಾರಲಿ ಬಿಡ್ರಿ, ನನ್ನ ಹೆಸರು ಇದ್ದರೆ ಸಾಕು’ ಅನ್ನುವವರಿಗೆ ಎಂಐಟಿ ಲೈಸೆನ್ಸ್. ಒಂದು ಪುಟವೂ ತುಂಬುವುದಿಲ್ಲ. ಪೇಟೆಂಟ್ ಬಗ್ಗೆಯೂ ಬಿಡಿಸಿ ಹೇಳಿರಬೇಕು ಅಂದರೆ ಅಪಾಚೆ 2.0.

ಉರಿಯುತ್ತದೆ ಅನ್ನುವವರಿಗೆ ಗ್ನೂ ಯೋಜನೆಯ ಲೈಸೆನ್ಸ್ ಜಿಪಿಎಲ್. ಇದನ್ನು ನಾನು ಹೆಪ್ಪಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡಿದ್ದೇನೆ. ಪಕ್ಕದ ಮನೆಯಿಂದ ಹೆಪ್ಪು ತಂದು ಮೊಸರು ಮಾಡಿದಿರಿ. ಮನೆಯಲ್ಲೇ ಉಂಡರೆ ಯಾರೂ ಕೇಳುವುದಿಲ್ಲ. ಆ ಮೊಸರನ್ನು ಯಾರಿಗಾದರೂ ಕೊಟ್ಟಿರೋ, ಮಾರಿದಿರೋ, ಅವರು ಅದರಿಂದ ಹೆಪ್ಪು ಹಾಕಿಕೊಳ್ಳುವುದನ್ನು ನೀವು ತಡೆಯುವ ಹಾಗಿಲ್ಲ, ಮಾಡುವ ವಿಧಾನ ಅಂದರೆ ಸೋರ್ಸ್ ಕೋಡನ್ನೂ ಕೊಡಬೇಕು. 2003ರಲ್ಲಿ ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ಅನ್ನೋ ವೈಫೈ ರೌಟರ್ ಒಳಗೆ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಇರುವುದನ್ನು ಜನ ಪತ್ತೆ ಮಾಡಿದರು. ಲಿನಕ್ಸ್ ಇರುವುದು ಜಿಪಿಎಲ್ ಕೆಳಗೆ, ಹಾಗಾಗಿ ಕಂಪನಿ ಸೋರ್ಸ್ ಹೊರಗೆ ಹಾಕಬೇಕಾಯ್ತು. ರೌಟರ್‌ಗಳಲ್ಲಿ ಓಡುವ ಸ್ವತಂತ್ರ ಸಾಫ್ಟ್‌ವೇರ್ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿದ್ದು ಆ ಕೋಡಿನಿಂದಲೇ, ರೌಟರಿನ ಹೆಸರು ಇವತ್ತಿಗೂ ಅದರ ಬಾಲದಲ್ಲಿದೆ.

ಒಂದು ಸಂದು ಮಾತ್ರ ಉಳಿಯುತ್ತದೆ. ಕೋಡನ್ನು ಯಾರಿಗೂ ಕೊಡದೆ ತಮ್ಮ ಸರ್ವರ್‌ನಲ್ಲೇ ಓಡಿಸಿ ವೆಬ್‌ಸೈಟ್ ಮಾಡಿದರೆ ಜಿಪಿಎಲ್ ಸುಮ್ಮನಿರುತ್ತದೆ. ಅಲ್ಲಿಗೆ ಎಜಿಪಿಎಲ್ ಇದೆ: ತಿದ್ದಿದ ಕೋಡನ್ನು ನೆಟ್ ಮೂಲಕ ಬಳಸುವವರಿಗೂ ಅದರ ಸೋರ್ಸ್ ಸಿಗಬೇಕು.

ದಯವಿಟ್ಟು ಸ್ವಂತ ಲೈಸೆನ್ಸ್ ಬರೆಯಲು ಹೋಗಬೇಡಿ. ಜೇಸನ್ ಅನ್ನೋ ಡೇಟಾ ರೂಪದ ಸಾಫ್ಟ್‌ವೇರಿಗೆ ಹಾಕಿದ್ದ ಜೇಸನ್ ಲೈಸೆನ್ಸ್‌ನಲ್ಲಿ ‘ಒಳ್ಳೆಯದಕ್ಕೆ ಬಳಸಿ, ಕೆಟ್ಟದ್ದಕ್ಕಲ್ಲ’ ಅಂತ ಒಂದು ಸಾಲು ಇತ್ತು. ಕೇಳೋಕೆ ಚೆಂದ. ಆದರೆ ಕೆಟ್ಟದ್ದು ಯಾವುದು ಅಂತ ತೀರ್ಮಾನ ಮಾಡೋರು ಯಾರು? ಲಿನಕ್ಸ್ ಆಧಾರಿತ ಡೆಬಿಯನ್ ಯೋಜನೆಯವರು ಅದನ್ನು ಸ್ವತಂತ್ರ ಅಂತ ಒಪ್ಪಲೇ ಇಲ್ಲ. ‘ವ್ಯಾಪಾರಕ್ಕೆ ಬಳಸಬಾರದು’ ಅಂತ ಸೇರಿಸಿದರೂ ಅಷ್ಟೇ, ಅದು ಓಪನ್ ಸೋರ್ಸ್ ಆಗುವುದಿಲ್ಲ. ಫಾಂಟ್ ಮಾಡಿದ್ದರೆ ಅದಕ್ಕೇ ಅಂತ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಇದೆ, ನೋಟೋ ಸಾನ್ಸ್ ಕನ್ನಡ ಇರುವುದು ಅದರಲ್ಲೇ.

ಹಾಕುವ ಕೆಲಸ ಎರಡು ನಿಮಿಷದ್ದು. ರೆಪೊಸಿಟರಿಯಲ್ಲಿ (ಗಿಟ್‌ಹಬ್‌ನಲ್ಲಿ ಕೋಡ್ ಇಟ್ಟ ಜಾಗ) ಹೊಸ ಫೈಲ್ ತೆರೆದು, ಇಂಗ್ಲಿಷ್ ದೊಡ್ಡಕ್ಷರದಲ್ಲಿ ‘ಲೈಸೆನ್ಸ್’ ಅಂತ ಹೆಸರು ಕೊಡಿ. ಗಿಟ್‌ಹಬ್ಬೇ ಟೆಂಪ್ಲೇಟ್ ಬೇಕಾ ಅಂತ ಕೇಳುತ್ತದೆ. ಬೇಕಾದ್ದು ಆರಿಸಿ, ಇಸವಿ, ಹೆಸರು ತುಂಬಿ ಉಳಿಸಿ. ಪ್ರತಿ ಫೈಲಿನ ತಲೆಗೆ ಎಸ್‌ಪಿಡಿಎಕ್ಸ್ ಗುರುತಿನ (ಲೈಸೆನ್ಸ್ ಹೆಸರಿನ ಚುಟುಕು ರೂಪ) ಒಂದು ಸಾಲು ಹಾಕಿದರೆ ಇನ್ನೂ ಒಳ್ಳೆಯದು. ಬೇರೆಯವರ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಸೇರಿಸಿಕೊಂಡಿದ್ದರೆ ಅದರ ಲೈಸೆನ್ಸೂ ನೋಡಿ. ಜಿಪಿಎಲ್ ಲೈಬ್ರರಿ ಒಳಗಿಟ್ಟುಕೊಂಡ ಪ್ರೋಗ್ರಾಮನ್ನು ಎಂಐಟಿ ಅಂತ ಮಾತ್ರ ಹೇಳಿ ಹಂಚಿದರೆ ನಡೆಯುವುದಿಲ್ಲ.

ಮನಸ್ಸು ಬದಲಾದರೆ? ಮುಂದಿನ ಆವೃತ್ತಿಗೆ ಬೇರೆ ಲೈಸೆನ್ಸ್ ಹಾಕಬಹುದು, ಆದರೆ ಈಗಾಗಲೇ ಕೊಟ್ಟಿದ್ದು ಕೊಟ್ಟ ಹಾಗೆಯೇ. ಬೇರೆಯವರ ಕೋಡ್ ಸೇರಿದ ಮೇಲೆ ಅವರ ಒಪ್ಪಿಗೆಯೂ ಬೇಕಾಗಬಹುದು. ಅದಕ್ಕೇ ಮೊದಲ ದಿನವೇ ಹಾಕಿಬಿಡಿ ಅನ್ನೋದು.

ನಾನು ಸ್ಕ್ರಿಪ್ಟಿಗೆ ಎಂಐಟಿ ಹಾಕಿ ಆ ಮೇಲ್‌ಗೆ ಉತ್ತರ ಬರೆದೆ. ವಾರದೊಳಗೆ ಅವರಿಂದ ಒಂದು ತಿದ್ದುಪಡಿ ಬಂತು. 1,00,000 ಕೊಟ್ಟರೆ ನನ್ನ ಸ್ಕ್ರಿಪ್ಟ್ ‘ಒಂದು ಲಕ್ಷದ’ ಅಂತ ಬರೆದು ಅಲ್ಲೇ ನಿಲ್ಲುತ್ತಿತ್ತಂತೆ, ಆ ‘ದ’ ನೇತಾಡಿಕೊಂಡು. ವಾಪಸ್ ಕೊಡಲೇಬೇಕು ಅಂತ ಎಂಐಟಿ ಏನೂ ಹೇಳುವುದಿಲ್ಲ, ಆದರೂ ಸರಿ ಮಾಡಿ ಕಳಿಸಿದ್ದರು.