ಗ್ರನಾಡಾದಲ್ಲಿ ಒಂದು ರಾತ್ರಿ: ಹಾಸ್ಟೆಲ್ ಗೆಳೆಯರ ಜೊತೆ ಸುತ್ತೋದು ಹೇಗೆ

ತೀರ್ಥಹಳ್ಳಿಯ ನಮ್ಮ ಚಿಕ್ಕಪ್ಪನ ಮಗ ಜುಲೈನಲ್ಲಿ ಸ್ಪೇನ್‌ಗೆ ಹೊರಟಿದ್ದಾನೆ. "ಅಕ್ಕಾ, ಗ್ರನಾಡಾದಲ್ಲಿ ರಾತ್ರಿ ಏನು ಮಾಡೋದು?" ಅಂದ. ಹೊರಗೆ ಧೋ ಮಳೆ, ಕರೆಂಟೂ ಇರಲಿಲ್ಲ, ಹೇಳ್ತಾ ಕೂತೆ.

ಮೊದಲು, ಮಧ್ಯಾಹ್ನ ಮಲಗಿ. ಸುಮ್ನೆ ಹೇಳ್ತಿಲ್ಲ. ನಮ್ಮೂರಲ್ಲಿ ರಾತ್ರಿ 9ಕ್ಕೆ ಅಂಗಡಿ ಬಾಗಿಲು ಎಳೆಯುತ್ತಾರೆ, ಅಲ್ಲಿ ಊಟ ಶುರುವಾಗೋದೇ 9ರ ಮೇಲೆ. ಕ್ಲಬ್‌ಗೆ ರಾತ್ರಿ 1ಕ್ಕೆ ಮುಂಚೆ ಹೋದರೆ ಒಳಗೆ ನೀವೊಬ್ಬರೇ.

ಜೊತೆ ಬೇಕಾದರೆ ಹಾಸ್ಟೆಲ್ ಅಡುಗೆಮನೆಯಲ್ಲಿ ಕೂತುಕೊಳ್ಳಿ. ಹಾಸ್ಟೆಲ್ ಅಂದರೆ ಇಲ್ಲಿ ಕಾಲೇಜಿಂದಲ್ಲ, ಪ್ರವಾಸಿಗರು ಒಂದೇ ರೂಮು ಹಂಚಿಕೊಂಡು ಉಳಿಯೋ ಜಾಗ. ನಾನು ಚಟ್ನಿಪುಡಿ ಡಬ್ಬ ತೆಗೆದಿಟ್ಟೆ, ನಾಲ್ಕು ಜನ ತಾವಾಗೇ ಬಂದರು. ಐದಾರು ಜನ ಸಾಕು, ಜಾಸ್ತಿ ಆದರೆ ಬಾರಲ್ಲಿ ನಿಲ್ಲೋಕೂ ಜಾಗ ಸಿಗಲ್ಲ.

ಸಂಜೆ ಅಲ್ಬೈಸಿನ್ ಗುಡ್ಡ ಹತ್ತಿ ಸಾನ್ ನಿಕೊಲಾಸ್ ಕಟ್ಟೆಗೆ ಹೋಗಿ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಹಾಗೇ ಜನ, ಆದರೆ ಇಲ್ಲಿ ಯಾರೂ ಸೂರ್ಯನ ಕಡೆ ನೋಡಲ್ಲ, ಎದುರಿನ ಅಲ್ಹಂಬ್ರಾ ಕೋಟೆ ಕೆಂಪಾಗೋದನ್ನ ನೋಡ್ತಾರೆ. ಬೇಸಿಗೆಯಲ್ಲಿ 9.30ರ ತನಕ ಬೆಳಕಿರುತ್ತೆ. ಕೋಟೆಗೆ ದೀಪ ಹತ್ತೋ ತನಕ ಏಳಬೇಡಿ.

ಆಮೇಲೆ ಕೆಳಗಿಳಿದು ನವಾಸ್ ಬೀದಿಗೋ ಎಲ್ವಿರಾ ಬೀದಿಗೋ ಹೋಗಿ. ಗ್ರನಾಡಾದ ಮಜಾ ಇರೋದೇ ಇಲ್ಲಿ. ಒಂದು ಲೋಟ ಏನಾದರೂ ಕುಡಿಯೋಕೆ ತಗೊಂಡರೆ ಜೊತೆಗೆ ಒಂದು ಸಣ್ಣ ತಟ್ಟೆ ತಿಂಡಿ, ಅಂದರೆ ತಾಪಾ, ಪುಕ್ಕಟೆ ಬರುತ್ತೆ. ಬಾರ್ಸಿಲೋನಾದಲ್ಲಿ ಅದಕ್ಕೂ ದುಡ್ಡು ಕೊಡಬೇಕು. ಹಾಗಾಗಿ ಒಂದೇ ಕಡೆ ಕೂರಬೇಡಿ, ಒಂದು ಲೋಟ, ಒಂದು ತಟ್ಟೆ, ಮುಂದಿನ ಬಾರ್. ನಾಲ್ಕನೇ ಬಾರ್‌ಗೆ ಬರೋ ಹೊತ್ತಿಗೆ ಊಟವೇ ಮುಗಿದಿರುತ್ತೆ. ಸಾಂಗ್ರಿಯಾ, ಅಂದರೆ ಹಣ್ಣು ಹಾಕಿದ ವೈನ್, ಬಿಡಿ, ಅಲ್ಲಿಯವರು ಬೇಸಿಗೆಯಲ್ಲಿ ಕುಡಿಯೋದು ತಿಂತೊ ದೆ ವೆರಾನೊ, ಕೆಂಪು ವೈನ್‌ಗೆ ನಿಂಬೆ ಸೋಡಾ ಬೆರೆಸಿದ್ದು. ಕುಡಿಯದವರು ಮೊಸ್ತೊ ಕೇಳಿ, ದ್ರಾಕ್ಷಿ ರಸ.

ದುಡ್ಡಿಗೆ ಅಲ್ಲಿಯವರದೇ ಒಂದು ಉಪಾಯ ಇದೆ, ಹೆಸರು ಬೊತೆ. ನಾವು ಗಣಪತಿಗೆ ಪಟ್ಟಿ ಎತ್ತಲ್ವಾ, ಹಾಗೇ. ಶುರುವಲ್ಲೇ ಎಲ್ಲರೂ 15 ಯೂರೋ ಹಾಕಿ ಒಬ್ಬರ ಕೈಗೆ ಕೊಡಿ, ಖಾಲಿಯಾದರೆ ಮತ್ತೆ ಹಾಕಿ. ಇಲ್ಲದಿದ್ದರೆ ಪ್ರತಿ ಬಾರಲ್ಲೂ ಐದು ಜನರ ಲೆಕ್ಕ.

ಸಸ್ಯಾಹಾರಿಗಳೇ, ಹುಷಾರು. ಒಂದು ಬಾರಲ್ಲಿ ಟೊಮೆಟೊದ ತಣ್ಣನೆ ಗೊಜ್ಜು ಅಂತ ಚಮಚ ಹಾಕಿದೆ, ಮೇಲೆ ಉದುರಿಸಿದ್ದು ಹಂದಿ ಮಾಂಸ! "ಸಿನ್ ಕಾರ್ನೆ" ಅಂದರೆ ಮಾಂಸ ಬೇಡ ಅಂತ, ಅಷ್ಟು ಸಾಲದು, "ಸಿನ್ ಹಮೋನ್, ಸಿನ್ ಪೆಸ್ಕಾದೊ" ಅಂತಾನೂ ಹೇಳಿ, ಒಣಗಿಸಿದ ಹಂದಿತೊಡೆಯೂ ಬೇಡ, ಮೀನೂ ಬೇಡ ಅಂತ. ಕರಿದ ಬದನೆಕಾಯಿಗೆ ಕಬ್ಬಿನ ಪಾಕ ಸುರಿದು ಕೊಡ್ತಾರೆ, ದುಡ್ಡು ಕೊಟ್ಟಾದರೂ ತಿನ್ನಿ. ನಮ್ಮ ಜೋನಿಬೆಲ್ಲ ನೆನಪಾಯ್ತು.

ಫೋನ್ ಮೇಜಿನ ಮೇಲೆ ಇಡಬೇಡಿ. ತೊಂದರೆ ಆದರೆ 112. ಹೊರಡೋ ಮುಂಚೆ ಬ್ರಷ್, ರಾತ್ರಿ ಬಟ್ಟೆ ಹಾಸಿಗೆ ಮೇಲೆ ತೆಗೆದಿಟ್ಟಿರಿ. ಬೆಳಗಿನ ಜಾವ 3ಕ್ಕೆ ಕತ್ತಲಲ್ಲಿ ಪ್ಲಾಸ್ಟಿಕ್ ಕವರ್ ಪರಪರ ಅನ್ನಿಸಿದರೆ ರೂಮಿನ ಎಂಟೂ ಜನ ಎಂಟು ಭಾಷೆಯಲ್ಲಿ ಬೈತಾರೆ.